ಹೊಯ್ಸಳರ ಧ್ವಜ-ಲಾಂಛನಗಳು ಮತ್ತು ಅವುಗಳ ಹಕ್ಕು

ಹೊಯ್ಸಳ ಅರಸರು, ಅವರ ದಂಡನಾಯಕರು ಮತ್ತು ಅವರ ನಾಡಿನ ವರ್ತಕ ಸಂಘಗಳು ತಮ್ಮದೆಂದು ಮೆರೆಸುತ್ತಿದ್ದ ಬಾವುಟ, ಮುದ್ರೆ, ವಾದ್ಯ, ಕೊಡೆ, ಚಾಮರ, ಬಿರುದುಗಳ ವ್ಯವಸ್ಥೆ. ಇಂದಿನ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳೂ ದೇವಾಲಯಗಳೂ ಇದನ್ನು ಅರಿಯಲು ಮುಖ್ಯ ಆಕರ. ಇವುಗಳನ್ನು ಬರಿಯ ಅಲಂಕಾರವೆಂದು ಓದುವವರೇ ಹೆಚ್ಚು. ಆದರೆ ಯಾರು ಯಾವ ಗುರುತನ್ನು ಎತ್ತಿ ಹಿಡಿಯಬಹುದು ಎಂಬುದು ಆ ಕಾಲದಲ್ಲಿ ಅಧಿಕಾರದ ಪ್ರಶ್ನೆಯಾಗಿತ್ತು. ಒಂದು ಗುರುತು ಮೂರು ದಾರಿಯಲ್ಲಿ ಒಬ್ಬನ ಕೈಸೇರುತ್ತಿತ್ತು: ವಂಶದಿಂದ ಬರಬೇಕು, ಮೇಲಿನ ಅರಸ ಕೊಡಬೇಕು, ಇಲ್ಲವೇ ಯುದ್ಧದಲ್ಲಿ ಕಿತ್ತುಕೊಳ್ಳಬೇಕು.

ಧ್ವಜದ ಹಕ್ಕನ್ನು ಕಟ್ಟುನಿಟ್ಟಾಗಿ ಹಂಚಿದ ವ್ಯವಸ್ಥೆಗಳಲ್ಲಿ ಈಚಿನ ಕಾಲದಲ್ಲಿ ಹೆಸರಾದದ್ದು ಬ್ರಿಟಿಷ್ ಹಡಗುಗಳದು. ಕೆಂಪು, ಬಿಳಿ, ನೀಲಿ ಧ್ವಜಗಳು ಅಲ್ಲಿ ಮೊದಲು ಒಂದೇ ನೌಕಾಪಡೆಯ ಮೂರು ದಳಗಳ ಗುರುತಾಗಿದ್ದವು. 1864ರಲ್ಲಿ ಆ ದಳಗಳನ್ನು ರದ್ದುಮಾಡಿ ಬಿಳಿಯದನ್ನು ನೌಕಾಪಡೆಗೆ, ನೀಲಿಯದನ್ನು ಸರ್ಕಾರಿ ಸೇವೆಯ ಹಡಗುಗಳಿಗೆ, ಕೆಂಪನ್ನು ವ್ಯಾಪಾರಿ ಹಡಗುಗಳಿಗೆ ಮೀಸಲಿಟ್ಟರು. ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಖಾಸಗಿ ವಿಹಾರನೌಕಾ ಕೂಟಕ್ಕೆ ಮಾತ್ರ 1829ರಿಂದ ಬಿಳಿ ಧ್ವಜದ ವಿಶೇಷ ಅನುಮತಿ ಇದೆ. ಪ್ರಭುತ್ವಕ್ಕೊಂದು, ಅದರ ಸೇವಕರಿಗೊಂದು, ವರ್ತಕರಿಗೊಂದು, ಜೊತೆಗೆ ಕೃಪೆಯಿಂದ ಸಿಕ್ಕ ಒಂದು ವಿನಾಯಿತಿ. ಸಮುದ್ರವಿಲ್ಲದ ಹೊಯ್ಸಳ ನಾಡಿನಲ್ಲೂ ಈ ನಾಲ್ಕಕ್ಕೆ ಸಾಟಿಯಾದವು ಏಳು ಶತಮಾನ ಮೊದಲೇ ಇದ್ದವು.

ಧ್ವಜ ಮತ್ತು ಲಾಂಛನ: ಕನ್ನಡ ಅರಸುಮನೆತನಗಳಲ್ಲಿ ಇವೆರಡೂ ಬೇರೆಬೇರೆ. ಲಾಂಛನ ತಾಮ್ರಪಟದ ಮುದ್ರೆ, ನಾಣ್ಯ, ಶಿಲ್ಪಗಳಲ್ಲಿ ಕಾಣುವ ಗುರುತು; ಧ್ವಜ ಮೆರವಣಿಗೆಯಲ್ಲೂ ರಣರಂಗದಲ್ಲೂ ಏರಿಸುವಂಥದ್ದು. ಹಾನಗಲ್ಲು ಮತ್ತು ಗೋವೆಯ ಕದಂಬರ ಲಾಂಛನ ಸಿಂಹ, ಧ್ವಜದಲ್ಲಿ ವಾನರ, ಮುಂದೆ ಮೊಳಗುತ್ತಿದ್ದ ವಾದ್ಯ ಪೆರ್ಮಟ್ಟಿ. ಸವದತ್ತಿಯ ರಟ್ಟರಿಗೆ ಆನೆಯ ಲಾಂಛನ, ಸುವರ್ಣಗರುಡಧ್ವಜ, ತ್ರಿವಳಿ ವಾದ್ಯ. ಕಲ್ಯಾಣದ ಕಳಚುರಿಗಳಿಗೆ ವೃಷಭಧ್ವಜ ಮತ್ತು ಡಮರುಗ. ತಲಕಾಡಿನ ಗಂಗರದು ಮದಗಜದ ಲಾಂಛನ, ಪಿಂಛಧ್ವಜ. ಚಾಲುಕ್ಯರ ವರಾಹವಂತೂ ಎಲ್ಲರಿಗೂ ಗೊತ್ತಿರುವುದೇ. ಕರಾವಳಿಯ ಆಳುಪರ ನಾಣ್ಯಗಳಲ್ಲಿ ಪಾಂಡ್ಯರಂತೆ ಜೋಡಿಮೀನುಗಳಿವೆ. ಶಾಸನದ ಪ್ರಶಸ್ತಿ ಭಾಗದಲ್ಲಿ ಈ ವಿವರಗಳು ತಪ್ಪದೆ ಬರುತ್ತವೆ. ಅರಸನ ಹೆಸರು ಅಳಿಸಿಹೋದ ಕಲ್ಲಿನಲ್ಲೂ ಧ್ವಜ ಮತ್ತು ವಾದ್ಯದ ಹೆಸರು ಉಳಿದಿದ್ದರೆ ಮನೆತನ ಯಾವುದೆಂದು ಹೇಳಲು ಅದೇ ದೊಡ್ಡ ಆಧಾರವಾಗುತ್ತದೆ.

ಸಳನ ಲಾಂಛನ: ಹೊಯ್ಸಳರ ಗುರುತು ಮೃಗದೊಡನೆ ಸೆಣಸುವ ವೀರ. ಸೊಸೆವೂರಿನಲ್ಲಿ, ಅಂದರೆ ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿಯಲ್ಲಿ, ಜೈನಮುನಿಯ ಮಾತಿನಂತೆ ವಂಶದ ಮೂಲಪುರುಷ ಸಳನು ಹುಲಿಯನ್ನು ಹೊಡೆದ ಕಥೆಯನ್ನು ಶಾಸನಗಳು ವಂಶದ ಹೆಸರಿಗೂ ಗುರುತಿಗೂ ಮೂಲವೆಂದು ಹೇಳುತ್ತವೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮೂಡಣ ಬಾಗಿಲ ಎರಡೂ ಬದಿಗೆ ಈ ಶಿಲ್ಪವಿದೆ. ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಕೇಸರವಿರುವ ಸಿಂಹ. ಪ್ರವಾಸಿಗರನ್ನು ಕಾಡುವ ಈ ಗೊಂದಲ ದೊಡ್ಡದೇನಲ್ಲ; ಶಾರ್ದೂಲವೆಂದರೆ ಶಿಲ್ಪಿಗೆ ಎರಡಕ್ಕೂ ಒಗ್ಗುವ ಆಕೃತಿ.

ಚೋಳರ ಲಾಂಛನ ಹುಲಿಯಾದ್ದರಿಂದ, 1116ರಲ್ಲಿ ತಲಕಾಡನ್ನು ಚೋಳರಿಂದ ಗೆದ್ದ ಮೇಲೆ ವಿಷ್ಣುವರ್ಧನ ಆ ವಿಜಯದ ಗುರುತಾಗಿ ಸಳನ ಲಾಂಛನವನ್ನು ರೂಪಿಸಿದನೆಂಬ ವಾದ ಜನಪ್ರಿಯವಾಗಿದೆ. ಸೋತವನ ಗುರುತನ್ನು ತುಳಿಯುವುದು ಆ ಕಾಲದ ರೂಢಿಯಾದ್ದರಿಂದ ವಾದ ಆಕರ್ಷಕವೇ. ಆದರೆ ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1113ರ ಹೊತ್ತಿನದು. ಅದರ ಶುಕನಾಸಿಯ (ಶಿಖರದ ಮುಂಚಾಚಿನ) ಮೇಲೂ ಸಳನಿದ್ದಾನೆ. ಆ ಶಿಲ್ಪ ಕಟ್ಟಡದ ಕಾಲದ್ದೇ ಆದರೆ ಲಾಂಛನ ತಲಕಾಡಿನ ವಿಜಯಕ್ಕಿಂತ ಹಳೆಯದಾಗುತ್ತದೆ. ಗೆಲುವು ಲಾಂಛನಕ್ಕೆ ಹೊಸ ಅರ್ಥ ಕೊಟ್ಟಿರಬಹುದೆನ್ನುವುದು ಹೆಚ್ಚು ಸಮಂಜಸ. ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಒಂದು ಮಗ್ಗುಲಿಗೆ ಮೃಗ, ಇನ್ನೊಂದು ಮಗ್ಗುಲಿಗೆ ಕನ್ನಡ ಲಿಪಿಯಲ್ಲಿ ‘ಶ್ರೀ ತಲಕಾಡುಗೊಂಡ’ ಎಂದಿರುವುದು ಇದಕ್ಕೆ ಹೊಂದುತ್ತದೆ.

ದೊಡ್ಡಗದ್ದವಳ್ಳಿಯ ಗುಡಿಯನ್ನು ಕಟ್ಟಿಸಿದವರು ಅರಸರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹಳೇಬೀಡಿನ ಹೊಯ್ಸಳೇಶ್ವರವೂ 1121ರಲ್ಲಿ ಅಧಿಕಾರಿ ಕೇತಮಲ್ಲನ ಮುಂದಾಳತ್ವದಲ್ಲಿ ಎದ್ದದ್ದು. ರಾಜಲಾಂಛನವನ್ನು ಗುಡಿಯ ನೆತ್ತಿಯಲ್ಲಿ ಇಡಲು ಅರಸನೇ ಗುಡಿ ಕಟ್ಟಿಸಬೇಕೆಂದಿರಲಿಲ್ಲ. ಇಲ್ಲಿ ಲಾಂಛನ ಹೇಳುವುದು ಕಟ್ಟಿಸಿದವನ ಅಂತಸ್ತನ್ನಲ್ಲ, ಅವನು ಯಾರ ಆಳ್ವಿಕೆಗೆ ಸೇರಿದವನು ಎಂಬುದನ್ನು.

ಪಂಚಮಹಾಶಬ್ದ: ಹಕ್ಕಿನ ಪ್ರಶ್ನೆ ನಿಚ್ಚಳವಾಗುವುದು ಪ್ರಶಸ್ತಿಗಳಲ್ಲಿ. ಆರಂಭದ ಹೊಯ್ಸಳ ಶಾಸನಗಳು ಅರಸನನ್ನು ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರ’ ಎಂದು ಕರೆಯುತ್ತವೆ. ಐದು ಮಹಾಶಬ್ದಗಳ ಹಕ್ಕನ್ನು ಪಡೆದವನು ಎಂದು ಭಾವ. ಪಡೆದವನಿದ್ದಾನೆ ಎಂದಮೇಲೆ ಕೊಟ್ಟವನೂ ಇರಬೇಕು, ಅವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ. ವಿವೇಕಚಿಂತಾಮಣಿ ಎಂಬ ಗ್ರಂಥದ ಪ್ರಕಾರ ಈ ಐದು ವಾದ್ಯಗಳು ಶೃಂಗ, ತಮ್ಮಟ, ಶಂಖ, ಭೇರಿ ಮತ್ತು ಜಯಘಂಟೆ. ಉತ್ತರ ಭಾರತದಲ್ಲಿ ಇದೇ ಮಾತಿಗೆ ‘ಮಹಾ’ ಎಂದು ಆರಂಭವಾಗುವ ಐದು ಅಧಿಕಾರಪದವಿಗಳೆಂಬ ಅರ್ಥವನ್ನೂ ಹೇಳುತ್ತಾರೆ. ಕನ್ನಡ ನಾಡಿನ ಮಟ್ಟಿಗೆ ವಾದ್ಯಗಳ ಅರ್ಥವೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಪ್ರಶಸ್ತಿಗಳಲ್ಲಿ ಧ್ವಜ, ಲಾಂಛನಗಳ ಜೊತೆಗೇ ವಾದ್ಯವೂ ಬರುತ್ತದೆ.

ಅಧೀನ ಅರಸರ ಶಾಸನಗಳಿಗೆ ಒಂದು ಕ್ರಮವಿದೆ. ಮೊದಲು ಚಕ್ರವರ್ತಿಯ ಬಿರುದುಗಳು, ಆಮೇಲೆ ‘ತತ್ಪಾದಪದ್ಮೋಪಜೀವಿ’ (ಅವನ ಪಾದಕಮಲವನ್ನು ಆಶ್ರಯಿಸಿ ಬಾಳುವವನು) ಎಂಬ ಒಂದು ಸಮಾಸ, ಅನಂತರವೇ ಮಂಡಳೇಶ್ವರನ ಸ್ವಂತ ಹೊಗಳಿಕೆ. ವಿಷ್ಣುವರ್ಧನನ ಹೆಸರಿನ ಹಿಂದಿರುವ ‘ತ್ರಿಭುವನಮಲ್ಲ’ ಆರನೆಯ ವಿಕ್ರಮಾದಿತ್ಯನ ಬಿರುದು. ‘ವೀರಗಂಗ’ ಗೆದ್ದ ಗಂಗವಾಡಿಯ ಅರಸರದು. ಒಬ್ಬ ಅರಸನ ಹೆಸರಿನಲ್ಲೇ ದತ್ತವೂ ಆರ್ಜಿತವೂ ಹೀಗೆ ಸೇರಿಕೊಂಡಿವೆ. 1118ರಲ್ಲಿ ಕನ್ನೆಗಾಲದಲ್ಲಿ ಅವನ ದಂಡನಾಯಕ ಗಂಗರಾಜನು ಚಾಲುಕ್ಯ ಸೇನೆಯನ್ನೇ ಮುರಿದ. ಆದರೂ ಮಹಾಮಂಡಳೇಶ್ವರ ಪದವಿ ಪ್ರಶಸ್ತಿಯಿಂದ ಹೋಗಲಿಲ್ಲ. ಚಕ್ರವರ್ತಿಯ ಸೇನೆಯನ್ನು ಸೋಲಿಸುವುದು ಒಂದು ಮಾತು, ಅವನ ಬಿರುದನ್ನು ತಾನು ತೊಡುವುದು ಇನ್ನೊಂದು.

ಆ ಎರಡನೆಯದನ್ನು ಮಾಡಿದವನು ಇಮ್ಮಡಿ ಬಲ್ಲಾಳ (1173–1220). ಚಾಲುಕ್ಯರು ಕುಸಿದಿದ್ದರು, ಸೇವುಣರ ಐದನೆಯ ಭಿಲ್ಲಮನನ್ನು ಸೊರಟೂರಿನಲ್ಲಿ ಸೋಲಿಸಿದ ಮೇಲೆ ಬಲ್ಲಾಳನ ಶಾಸನಗಳಲ್ಲಿ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ’ ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಇದು ಚಾಲುಕ್ಯ ಚಕ್ರವರ್ತಿಗಳ ಮಾಮೂಲಿ ಸಾಲು, ಹೆಚ್ಚುಕಡಿಮೆ ಅಕ್ಷರಶಃ. ಸಳನ ಲಾಂಛನ ಮೊದಲಿದ್ದಂತೆಯೇ ಇತ್ತು. ಬದಲಾದದ್ದು ಅದನ್ನು ಯಾರ ಕೆಳಗೆ ನಿಂತು ಹಿಡಿಯುತ್ತಿದ್ದರು ಎಂಬುದು. ಹೊಯ್ಸಳ ಇತಿಹಾಸದಲ್ಲಿ ಸ್ವಾತಂತ್ರ್ಯ ಯಾವಾಗ ಬಂತೆಂದು ಕೇಳುವವರು ಯುದ್ಧಗಳ ಪಟ್ಟಿಗಿಂತ ಮೊದಲು ಪ್ರಶಸ್ತಿಯ ಈ ಸಾಲನ್ನು ನೋಡಬೇಕು.

ಕಿತ್ತುಕೊಂಡ ಗುರುತುಗಳು: ಬಾದಾಮಿ ಚಾಲುಕ್ಯರ ವಿನಯಾದಿತ್ಯನು ಉತ್ತರಾಪಥದ ಒಡೆಯನನ್ನು ಸೋಲಿಸಿ ಪಾಳಿಧ್ವಜವನ್ನು ಪಡೆದನೆಂದು ಅವನ ಮಗನ ಕಾಲದ ತಾಮ್ರಪಟಗಳು ಹೇಳುತ್ತವೆ. ಪಾಳಿಧ್ವಜವೆಂದರೆ ಒಂದು ಬಾವುಟವಲ್ಲ, ಬಾವುಟಗಳ ಸಾಲು. ಜಿನಸೇನರ ಆದಿಪುರಾಣದ ವರ್ಣನೆಯಲ್ಲಿ ಮಾಲೆ, ವಸ್ತ್ರ, ನವಿಲು, ತಾವರೆ, ಹಂಸ, ಗರುಡ, ಸಿಂಹ, ಎತ್ತು, ಆನೆ, ಚಕ್ರ ಎಂಬ ಹತ್ತು ಬಗೆ. ಪ್ರತಿ ಬಗೆಗೆ 108ರಂತೆ ದಿಕ್ಕಿಗೆ 1080 ಧ್ವಜಗಳು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ 805ರ ನೇಸರಿ ತಾಮ್ರಪಟ ಇನ್ನೂ ಮುಂದೆ ಹೋಗುತ್ತದೆ. ಪಾಂಡ್ಯನಿಂದ ಮೀನು, ಪಲ್ಲವನಿಂದ ಎತ್ತು, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ಚಾಲುಕ್ಯನಿಂದ ವರಾಹ, ಬಂಗಾಳದ ಧರ್ಮಪಾಲನಿಂದ ತಾರಾದೇವಿ ಎಂದು ಸೋತವರ ಗುರುತುಗಳನ್ನೆಲ್ಲ ಲೆಕ್ಕಪತ್ರದಂತೆ ಬರೆದಿಟ್ಟಿದೆ. ಉತ್ಪ್ರೇಕ್ಷೆ ಇದ್ದೀತು. ಆದರೆ ರಾಜ್ಯವನ್ನು ಕಳೆದುಕೊಳ್ಳುವುದಕ್ಕಿಂತ ಲಾಂಛನವನ್ನು ಕಳೆದುಕೊಳ್ಳುವುದು ಸಣ್ಣ ಸೋಲಲ್ಲ ಎಂಬ ತಿಳಿವಳಿಕೆ ಇಲ್ಲದಿದ್ದರೆ ಇಂಥ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ.

ವರ್ತಕರ ಧ್ವಜ: ಅರಸರಲ್ಲದವರಿಗೂ ಸ್ವಂತ ಧ್ವಜವಿತ್ತು. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಳ್ಳುವ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಪ್ರಶಸ್ತಿಯಲ್ಲಿ ಗುಡ್ಡಧ್ವಜ ಬರುತ್ತದೆ. ವೀರಬಣಂಜುಧರ್ಮವನ್ನು ಪಾಲಿಸುವವರೆಂದು ಕರೆದುಕೊಂಡ ಈ ಸಂಘ ಅರಸರಂತೆಯೇ ಬಿರುದುಗಳ ಮಾಲೆ ಇಟ್ಟುಕೊಂಡಿತ್ತು, ನೆಲ-ಜಲ ಎರಡೂ ಮಾರ್ಗಗಳಲ್ಲಿ ಸಂಚರಿಸುತ್ತಿತ್ತು. ಸುಮಾತ್ರಾದ ಲೋಬು ತುವಾದಲ್ಲಿ ಸಿಕ್ಕಿರುವ 1088ರ ತಮಿಳು ಶಾಸನ ಇದೇ ಐನೂರ್ವರದು. ಯಾವ ಚಕ್ರವರ್ತಿಯ ಎಲ್ಲೆಗೂ ಕಟ್ಟುಬೀಳದ ಧ್ವಜವೆಂದರೆ ಆ ಕಾಲದಲ್ಲಿ ಇದೊಂದೇ ಎನ್ನಬಹುದು.

ಈ ಕಡಲ ವ್ಯಾಪಾರದ ಎಳೆ ಅರಸೀಕೆರೆಗೂ ಬರುತ್ತದೆ. ಅಲ್ಲಿನ ಹೊಯ್ಸಳ ಶಾಸನಗಳಲ್ಲಿ ಕಾಣುವ ಕಮ್ಮಟ ಚಟ್ಟಿಸೆಟ್ಟಿ ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದವನು. ಇಂದು ರೈಲು ಜಂಕ್ಷನ್ನಿಗೆ ಹೆಸರಾದ ಊರು ಆಗ ವರ್ತಕರ ನೆಲೆ. 1220ರ ಸುಮಾರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ, ಅದೇ ಕಾಲದಲ್ಲಿ ಮಂತ್ರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯ ಆ ಸಿರಿತನದ ಫಲ. ರೇಚರಸನ ಬಾಳೂ ಈ ಲೇಖನದ ವಿಷಯಕ್ಕೆ ಸೇರುವಂಥದ್ದೇ: ಮೊದಲು ಕಳಚುರಿಗಳ ವೃಷಭಧ್ವಜದಡಿ ಇದ್ದು, ಬಳಿಕ ಬಲ್ಲಾಳನ ಸೇವೆಗೆ ಬಂದವನು.

ವ್ಯಕ್ತಿಗೆ ಸಿಕ್ಕ ಗುರುತು: ಹಳೇಬೀಡಿನ ಹೊಯ್ಸಳೇಶ್ವರದ ಆವರಣದಲ್ಲಿರುವ ಗರುಡಸ್ತಂಭ ಇಮ್ಮಡಿ ಬಲ್ಲಾಳನ ಮಂತ್ರಿ ಕುವರ ಲಕ್ಷ್ಮನ ನೆನಪಿನದು. ಅರಸನ ಜೊತೆಗೇ ಪ್ರಾಣಬಿಡುವ ಪ್ರತಿಜ್ಞೆ ಮಾಡಿದ ‘ಗರುಡ’ರಿಗೆ ಎಡಗಾಲಿನ ಬಳೆ ಗುರುತು. ಕೃಪೆಯಿಂದ ಸಿಗುವ ಈ ಗೌರವಕ್ಕೆ ಬೆಲೆ ಪ್ರಾಣವೇ ಆಗಿತ್ತು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲೆಯೂ ಸಂಗಡಿಗರೂ ಪ್ರಾಣ ಒಪ್ಪಿಸಿದರು.

ಅನಂತರದ ಕಾಲ: 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದೋರಸಮುದ್ರದ (ಇಂದಿನ ಹಳೇಬೀಡು) ಮೇಲೆ ಬಿದ್ದ. ಮುಮ್ಮಡಿ ಬಲ್ಲಾಳ 1343ರ ಸುಮಾರಿಗೆ ಮಧುರೆಯ ಸುಲ್ತಾನರೊಡನೆ ಹೋರಾಡುತ್ತ ಮಡಿದ. ಆಮೇಲೆ ಸಳನ ಲಾಂಛನ ಆಳುವ ಗುರುತಾಗಿ ಮತ್ತೆ ಮೇಲೇಳಲಿಲ್ಲ. ಹೊಯ್ಸಳ ನಾಡು ವಿಜಯನಗರಕ್ಕೆ ಸೇರಿದರೂ ವಿಜಯನಗರದ ಅರಸರು ಆರಿಸಿದ್ದು ಚಾಲುಕ್ಯರ ವರಾಹವನ್ನು. ಮೈಸೂರು ಒಡೆಯರ ಮೂಲಕ ಬಂದ ಗಂಡಭೇರುಂಡ ಇಂದು ಕರ್ನಾಟಕ ಸರ್ಕಾರದ ಲಾಂಛನ.

ಸ್ವತಂತ್ರ ಭಾರತದಲ್ಲಿ ಈ ಹಕ್ಕು ಕಾನೂನಿನ ಮಾತು. ಕಾರಿನ ಮೇಲೆ ರಾಷ್ಟ್ರಧ್ವಜ ಹಾರಿಸುವ ಅಧಿಕಾರವನ್ನು 2002ರ ಧ್ವಜಸಂಹಿತೆ ರಾಷ್ಟ್ರಪತಿ, ರಾಜ್ಯಪಾಲ, ಮಂತ್ರಿಗಳು, ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೇ ಮೊದಲಾದ ಕೆಲವರಿಗೆ ಸೀಮಿತಗೊಳಿಸಿದೆ. ರಾಷ್ಟ್ರಲಾಂಛನದ ಬಳಕೆಗೆ 2005ರ ಕಾಯಿದೆ ಇದೆ. ಹಡಗುಗಳಲ್ಲಿ ಬ್ರಿಟಿಷ್ ಮಾದರಿ ಬಹುಕಾಲ ಉಳಿಯಿತು. ಭಾರತದ ವ್ಯಾಪಾರಿ ಹಡಗುಗಳು ಈಗಲೂ ಮೂಲೆಯಲ್ಲಿ ತ್ರಿವರ್ಣವಿರುವ ಕೆಂಪು ಧ್ವಜವನ್ನೇ ಹಾರಿಸುತ್ತವೆ. ನೌಕಾಪಡೆಯ ಬಿಳಿ ಧ್ವಜದಲ್ಲಿದ್ದ ಸೇಂಟ್ ಜಾರ್ಜ್ ಶಿಲುಬೆಯನ್ನು 2001ರಲ್ಲಿ ತೆಗೆದು, 2004ರಲ್ಲಿ ಮತ್ತೆ ಸೇರಿಸಿ, ಕೊನೆಗೆ 2022ರ ಸೆಪ್ಟೆಂಬರ್ 2ರಂದು ಕೈಬಿಟ್ಟರು. ಅದರ ಜಾಗಕ್ಕೆ ಶಿವಾಜಿಯ ರಾಜಮುದ್ರೆಯಿಂದ ಪ್ರೇರಿತವಾದ ಎಂಟು ಮೂಲೆಯ ನೀಲಿ ಚಿಹ್ನೆ ಬಂತು. ವಾನರಧ್ವಜದ ಕದಂಬರ ಹೆಸರು ಹೊತ್ತ ಕಾರವಾರದ ನೌಕಾನೆಲೆಯಲ್ಲಿ ಈಗ ಹಾರುವುದು ಈ ಹೊಸ ಧ್ವಜವೇ.