ಬಸ್ಕಿ, ಗರಡಿ ಮತ್ತು ಹೆಬ್ಬೆಯ ದಾರಿ



ಎರಡು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತರೀಕೆರೆಯ ನಮ್ಮ ಮನೆಗೆ ಬಂದಿದ್ದ. ಐವತ್ತರ ಅಂಚಿನಲ್ಲಿರುವ ಆತ ನಾಲ್ಕು ಮೆಟ್ಟಿಲು ಹತ್ತಿ ಜಗಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಸಕ್ಕರೆ ಕಾಯಿಲೆಯಂತೆ, ದಿನವೂ ನಡೆಯಬೇಕೆಂದು ವೈದ್ಯರು ಹೇಳಿ ಎರಡು ವರ್ಷವಾಯಿತಂತೆ. ಮತ್ತೇಕೆ ನಡೆಯಲಿಲ್ಲವೆಂದು ಕೇಳಿದೆ. "ವ್ಯಾಯಾಮ ಅಂದ್ರೆ ಈಗಲೂ ನೀವು ಹೊಡೆಸಿದ ಬಸ್ಕಿಯೇ ನೆನಪಿಗೆ ಬರುತ್ತೆ, ಸಾರ್" ಎಂದು ನಕ್ಕ. ಅವನು ನಕ್ಕು ಮರೆತ, ನನಗೆ ಮರೆಯಲಾಗಲಿಲ್ಲ. ಆ ರಾತ್ರಿಯಿಂದ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರಿಗೆ ವ್ಯಾಯಾಮವೆಂಬ ಬೇರೊಂದು ಕೆಲಸದ ಅಗತ್ಯವೇ ಇರಲಿಲ್ಲ. ಕೆಮ್ಮಣ್ಣುಗುಂಡಿಯಿಂದ ಹೆಬ್ಬೆಯ ಜಲಪಾತಕ್ಕೆ ಕಾಡುದಾರಿಯಲ್ಲಿ ಸುಮಾರು 8 ಕಿಲೋಮೀಟರ್. ಇಳಿದಷ್ಟನ್ನೂ ಮರಳಿ ಹತ್ತಬೇಕು. ಕಾಫಿ ತೋಟದ ಆಳುಗಳಿಗೆ ಇಂಥ ಏರಿಳಿತ ನಿತ್ಯದ ಬದುಕಾಗಿತ್ತು. ಜೀಪು, ಬಸ್ಸು, ಬೈಕುಗಳು ಬಂದು ದೇಹದ ದಣಿವು ಕಡಿಮೆಯಾಯಿತು. ಅದು ಒಳ್ಳೆಯದೇ. ಆದರೆ ದಣಿವಿನ ಜೊತೆಗೆ ಚಲನೆಯೂ ಹೋಯಿತು. ಇದರ ಬೆಲೆಯನ್ನು ಮೊದಲು ಅಳೆದು ತೋರಿಸಿದವರಲ್ಲಿ ಜೆರ್ರಿ ಮಾರಿಸ್ ಪ್ರಮುಖರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯರೋಗ ಹೆಚ್ಚೆಂದು ಅವರ ತಂಡ 1953ರಲ್ಲಿ ಪ್ರಕಟಿಸಿತು.

ನಮ್ಮಲ್ಲಿ ದೇಹಸಾಧನೆಗೆ ಗರಡಿಮನೆಗಳಿದ್ದವು. ಅಲ್ಲಿ ಬಸ್ಕಿ ಗೌರವದ ಸಾಧನೆ. ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೇ ಆರಂಭ. ಆದರೆ ಗರಡಿಯ ಬಾಗಿಲು ಹೆಚ್ಚಾಗಿ ಗಟ್ಟಿಮುಟ್ಟಾದ ಯುವಕರಿಗೆ. ದುರ್ಬಲರೂ ನಡುವಯಸ್ಸಿನವರೂ ಹೆಂಗಸರೂ ಹೊರಗೇ ಉಳಿದರು.

ಆ ಬಾಗಿಲನ್ನು ಅಗಲಗೊಳಿಸಿದವರು ಮೂವರೆಂದು ನನ್ನ ಎಣಿಕೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಮರುವರ್ಷ ಅವರ 'ಯೋಗಮಕರಂದ' ಕನ್ನಡದಲ್ಲಿಯೇ ಹೊರಬಂತು. 1934ರಲ್ಲಿ ಅವರ ಬಳಿಗೆ ಬಂದ ರೋಗಪೀಡಿತ ಬಾಲಕನೇ ಮುಂದೆ ಜಗದ್ವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸಿದರು. 'ಶಾಂತಲಾ' ಕಾದಂಬರಿ ಬರೆದವರೂ ಇವರೇ.

ಮೂರನೆಯವರು ನಮ್ಮ ನೆರೆಯವರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ತೀರಿಕೊಂಡ ರಾಘವೇಂದ್ರ ಸ್ವಾಮೀಜಿ, ಸಾಹಿತ್ಯದಲ್ಲಿ 'ತಿರುಕ'. ಜನ ತಮ್ಮಲ್ಲಿಗೆ ಬರಲೆಂದು ಕಾಯದೆ ತಾವೇ ಊರೂರಿಗೆ ಹೋಗಿ ಯೋಗಾಸನ, ವ್ಯಾಯಾಮ ಶಿಬಿರಗಳನ್ನು ನಡೆಸಿದರು. ಉಪದೇಶ ಕೇಳಿ ಎದ್ದವರು ಕಡಿಮೆ. ಶಿಬಿರವೆಂದರೆ ಗೊತ್ತಾದ ಸ್ಥಳ, ಗೊತ್ತಾದ ವೇಳೆ, ಪಕ್ಕದಲ್ಲಿ ಪರಿಚಯದವರು. ಕದಲದವನನ್ನು ಕದಲಿಸುವ ಗುಟ್ಟು ಇದರಲ್ಲಿದೆ.

ಇಂಥವರ ನಾಡಿನಲ್ಲಿ ಮೇಷ್ಟ್ರಾಗಿದ್ದ ನಾನು ಮಾಡಿದ್ದೇನು? ಮಗ್ಗಿ ತಪ್ಪಿದರೆ ಬಸ್ಕಿ, ತಡವಾಗಿ ಬಂದರೆ ಮೈದಾನದ ಸುತ್ತ ಓಟ. ಗರಡಿಯಲ್ಲಿ ಪೂಜ್ಯವಾಗಿದ್ದುದನ್ನು ತರಗತಿಯಲ್ಲಿ ಅವಮಾನವಾಗಿಸಿದೆ. ಎಲ್ಲರೂ ಹಾಗೆ ಮಾಡುತ್ತಿದ್ದ ಕಾಲವದು ಎಂಬ ಸಮಾಧಾನ ನನಗೆ ಸಾಲುತ್ತಿಲ್ಲ.

ಮರುದಿನ ಆ ವಿದ್ಯಾರ್ಥಿಗೆ ಫೋನು ಮಾಡಿ ಹೇಳಿದೆ: "ಸಂಜೆ ಕಾಫಿ ಕುಡಿದ ಲೋಟ ಕೆಳಗಿಟ್ಟೊಡನೆ ಚಪ್ಪಲಿ ಮೆಟ್ಟಿಕೊ. ಹತ್ತೇ ನಿಮಿಷ. ನಾನೂ ಇಲ್ಲಿ ಹೊರಡುತ್ತೇನೆ." ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದನ್ನು ಮೊದಲ ದಿನವೇ ಹೇಳಿ ಹೆದರಿಸಲಿಲ್ಲ. ಲಂಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಎಲ್ಲವೂ ಹಾಳಾಗುವುದಿಲ್ಲವೆಂದೂ ಅದು ಕಂಡಿತು.

ಇಂದಿಗೆ 58ನೆಯ ದಿನ. ಅವನು ಐದು ದಿನ ತಪ್ಪಿಸಿದ್ದಾನೆ, ಮಂಡಿನೋವಿನ ನೆಪದಲ್ಲಿ ನಾನು ಏಳು ದಿನ. ಯಾರಿಗೂ ಶಿಕ್ಷೆಯಿಲ್ಲ. ಹತ್ತು ನಿಮಿಷ ಈಗ ಇಪ್ಪತ್ತೈದಾಗಿದೆ. ಮಳೆ ನಿಂತ ಮೇಲೆ ಇಬ್ಬರೂ ಹೆಬ್ಬೆಗೆ ಹೋಗಿ, ಜೀಪು ಇಳಿದ ಮೇಲಿನ ದಾರಿಯನ್ನಾದರೂ ನಮ್ಮ ಕಾಲಿನಲ್ಲಿ ನಡೆಯುವುದೆಂದು ಮಾತಾಗಿದೆ.

ನನ್ನಿಂದ ಬಸ್ಕಿ ಹೊಡೆಸಿಕೊಂಡವರೇ, ಇದನ್ನು ಓದುತ್ತಿದ್ದರೆ ಕ್ಷಮಿಸಿ. ನಾಳೆ ಸಂಜೆ ಕಾಫಿಯ ನಂತರ ನೀವೂ ಹೊರಡಿ. ಆ ಹೊತ್ತಿಗೆ ನಿಮ್ಮ ಮೇಷ್ಟ್ರೂ ನಡೆಯುತ್ತಿರುತ್ತಾರೆ.