ಬಡವರ ಮನೆಯ ಮೂಕ ರೋಗಿಗಳು

ಕನ್ನಡ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ದ ಹೆಸರು ಬಂದಾಗ ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಸಣ್ಣದೊಂದು ನಗೆ ಏಳುವುದುಂಟು. ಪಂಪ ರನ್ನರ ಸಾಲಿನಲ್ಲಿ ದನದ ವೈದ್ಯನಿಗೇನು ಕೆಲಸ ಎಂಬುದು ಆ ನಗೆಯ ಅರ್ಥ. ಆದರೆ 12ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ರಾಜವಂಶದವನೊಬ್ಬನು ದನಗಳ ರೋಗಕ್ಕೆ ಮದ್ದನ್ನೂ ಮಂತ್ರವನ್ನೂ ಕನ್ನಡದಲ್ಲಿಯೇ ಬರೆದಿಟ್ಟನೆಂಬುದು ನಮಗೆ ಹೆಮ್ಮೆಯ ಸಂಗತಿ. ಮದ್ದಿನ ತಿಳಿವು ಹೀಗೆ ಹಳೆಯದು. ಮದ್ದಿಗೆ ಹಣ ತೆರಲಾರದವನ ಮನೆಯ ಪ್ರಾಣಿಗೂ ಅದು ದೊರೆಯುವಂತಾದದ್ದು ಮಾತ್ರ ತೀರ ಈಚಿನದು. ಆ ಕಥೆಯನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳಬಯಸುತ್ತೇನೆ.

ಪ್ರಾಣಿದಯೆಗೆ ನಮ್ಮ ದೇಶದಲ್ಲಿ ಎಂದೂ ಕೊರತೆಯಿರಲಿಲ್ಲ. 1583ರಲ್ಲಿ ಲಂಡನ್ನಿನಿಂದ ಹೊರಟು ಹಿಂದೂಸ್ಥಾನವನ್ನು ಸುತ್ತಿದ ರಾಲ್ಫ್ ಫಿಚ್ ಎಂಬ ಆಂಗ್ಲ ವರ್ತಕನು, ಗುಜರಾತಿನ ಖಂಬಾತಿನಲ್ಲಿ ಕುಂಟು ನಾಯಿ, ಬೆಕ್ಕು, ಹಕ್ಕಿಗಳಿಗೂ ಆಸ್ಪತ್ರೆಗಳಿರುವುದನ್ನು ಬೆರಗಿನಿಂದ ಬರೆದಿದ್ದಾನೆ. ಇವೇ ಪಾಂಜರಾಪೋಳಗಳು. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಲು ಸರ್ಕಾರ ಹೊರಟಾಗ ಪಾರ್ಸಿಗಳು ಕೆರಳಿ ಎದ್ದರು; ಊರಿನ ವ್ಯವಹಾರವೇ ನಿಂತಿತು. ಎರಡು ವರ್ಷಗಳ ಮೇಲೆ, 1834ರಲ್ಲಿ, ಜಮ್‌ಷೆಡ್‌ಜಿ ಜೀಜೀಭಾಯ್ ಅವರೂ ಜೈನ ವರ್ತಕರೂ ಕೂಡಿ ಅಲ್ಲಿಯೂ ಒಂದು ಪಾಂಜರಾಪೋಳವನ್ನು ಸ್ಥಾಪಿಸಿದರು.

ಈ ಸಂಸ್ಥೆಗಳ ಪುಣ್ಯಕಾರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವುಗಳ ಉದ್ದೇಶ ಮುಖ್ಯವಾಗಿ ಸಾಕುವುದು. ಕಾಲು ಮುರಿದ ಎತ್ತು ಬಾಗಿಲೊಳಗೆ ಬಂದರೆ ಅದಕ್ಕೆ ಸಾಯುವತನಕ ಮೇವು ಸಿಗುತ್ತಿತ್ತು. ಮರಳಿ ಒಡೆಯನ ಹಟ್ಟಿಗೆ ಹೋಗುವುದು ಅಪರೂಪ. ಚಿಕಿತ್ಸೆಗೆಂದೇ ಧರ್ಮದ ಹಣ ಹರಿದದ್ದು ಮುಂದೆ. 1883ರಲ್ಲಿ ಮುಂಬಯಿಯ ಪರೇಲಿನಲ್ಲಿ ದಿನ್‌ಷಾ ಮಾಣೆಕ್‌ಜಿ ಪೆಟಿಟರ ದಾನದಿಂದ ಅವರ ಪತ್ನಿ ಸಾಕರ್‌ಬಾಯಿಯವರ ಹೆಸರಿನ ಪ್ರಾಣಿಗಳ ಆಸ್ಪತ್ರೆ ಹುಟ್ಟಿತು. ಅದರ ಆವರಣದಲ್ಲಿಯೇ 1886ರಲ್ಲಿ ಪಶುವೈದ್ಯ ಕಾಲೇಜೂ ಆರಂಭವಾಯಿತು. ದಾನಿಯ ಕರುಣೆ ಕಲಿತ ವೈದ್ಯನ ಕೈಹಿಡಿದದ್ದು ಇಲ್ಲಿ.

ಇನ್ನು ಇಂಗ್ಲೆಂಡಿನ ಮಾತು. ಪ್ರಾಣಿಹಿಂಸೆಗೆ ದಂಡ ವಿಧಿಸುವ ಕಾನೂನು ಅಲ್ಲಿ 1822ರಲ್ಲಿಯೇ ಬಂದಿತು. 1824ರಲ್ಲಿ ಪ್ರಾಣಿದಯಾ ಸಂಘವೂ ಏರ್ಪಟ್ಟಿತು. ಹೊಡೆಯುವವನನ್ನು ನ್ಯಾಯಾಲಯಕ್ಕೆ ಎಳೆಯಲು ಇವು ಸಾಕಾದವು. ಆದರೆ ಹೊಡೆಯದೆ, ಮದ್ದು ಹಾಕಿಸುವ ಶಕ್ತಿಯೂ ಇಲ್ಲದೆ ಸುಮ್ಮನೆ ನೋಡುತ್ತ ನಿಂತ ಬಡವನನ್ನು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಿದವಳು ಮರಾಯಾ ಡಿಕಿನ್. ಲಂಡನ್ನಿನ ಪೂರ್ವಭಾಗದ ಬಡವರ ಕೇರಿಗಳಿಗೆ ಸಮಾಜಸೇವೆಗಾಗಿ ಹೋಗಿಬರುತ್ತಿದ್ದ ಆಕೆ, ಕಜ್ಜಿಯಿಂದ ಮೈ ಹುಣ್ಣಾದ ನಾಯಿಗಳನ್ನೂ ಮುರಿದ ಕಾಲೆಳೆಯುವ ಬೆಕ್ಕುಗಳನ್ನೂ ಕಂಡಳು. ಅವನ್ನು ಸಾಕಿದವರು ಕ್ರೂರಿಗಳಲ್ಲ, ಕೈ ಬರಿದಾದವರು. 1917ರ ನವೆಂಬರ್ 17ರಂದು, ಮಹಾಯುದ್ಧದ ನಡುವೆ, ವೈಟ್‌ಚಾಪೆಲ್ಲಿನಲ್ಲಿ ಪಾದ್ರಿಯೊಬ್ಬರು ಬಿಟ್ಟುಕೊಟ್ಟ ನೆಲಮಾಳಿಗೆಯಲ್ಲಿ ಆಕೆ ಔಷಧಾಲಯ ತೆರೆದಳು. ಯಾವ ಪ್ರಾಣಿಯಾದರೂ ಸರಿ, ಚಿಕಿತ್ಸೆ ಉಚಿತವೆಂದು ಹೊರಗೆ ಹಲಗೆ ಹಾಕಿದಳು. ಜನ ಮುಗಿಬಿದ್ದರು, ಬೇಗನೆ ದೊಡ್ಡ ಜಾಗ ಹುಡುಕಬೇಕಾಯಿತು. 1921ರಲ್ಲಿ ಕುದುರೆ ಎಳೆಯುವ ಬಂಡಿಯೊಂದು ಔಷಧಾಲಯವಾಗಿ ಊರೂರು ತಿರುಗಿತು. 1928ರಲ್ಲಿ ಇಲ್‌ಫರ್ಡಿನಲ್ಲಿ ಪ್ರಾಣಿಗಳ ಆರೋಗ್ಯಧಾಮ ತಲೆಯೆತ್ತಿತು. ಓದಿ ಪದವಿ ಪಡೆದ ಪಶುವೈದ್ಯರು, ಪದವಿಯಿಲ್ಲದವರು ಚಿಕಿತ್ಸೆ ಮಾಡುವುದೇ ಎಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ಕೇರಿಗಳಲ್ಲಿ ಅಲ್ಲಿಯವರೆಗೆ ಪದವಿಯುಳ್ಳವರ ಫೀಸನ್ನು ತೆರಬಲ್ಲವರು ಎಷ್ಟು ಮಂದಿ?

ಮನುಷ್ಯರೇ ಹಸಿದಿರುವಾಗ ನಾಯಿ ಬೆಕ್ಕುಗಳಿಗೆ ದಾನವೇಕೆ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಕೇರಿಯ ತರಕಾರಿ ಗಾಡಿಯವನ ಕತ್ತೆ ಕುಂಟಿದರೆ ಆ ದಿನ ಅವನ ಒಲೆ ಉರಿಯುತ್ತಿರಲಿಲ್ಲ. ಒಂಟಿ ಮುದುಕಿಗೆ ಬೆಕ್ಕೊಂದೇ ಬಂಧು. ಪ್ರಾಣಿಗೆ ಕಟ್ಟಿದ ಪಟ್ಟಿ ಆ ಮನೆಗೂ ಕಟ್ಟಿದ ಪಟ್ಟಿಯೇ ಆಗಿತ್ತು.

ಮೂಳೆ ಕೂಡಿದ ಮಾತ್ರಕ್ಕೆ ಕಾಲು ಬಂದಿತೆನ್ನುವಂತಿಲ್ಲ. ಕೆಲವು ವಾರ ಕಟ್ಟಿಟ್ಟ ಕಾಲಿನ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ನೀವಬೇಕು, ಮೆಲ್ಲಗೆ ಮಡಿಸಿ ಚಾಚಬೇಕು, ಮೈಭಾರವನ್ನು ನೀರು ಹೊರುವಂತೆ ಮಾಡಿ ನಡೆಸಬೇಕು. ಈ ಅಂಗಸಾಧನೆಯ ವಿದ್ಯೆ ಇಂಗ್ಲೆಂಡಿನಲ್ಲಿ ಬೆಳೆದದ್ದು ಶ್ರೀಮಂತರ ಲಾಯಗಳಲ್ಲಿ. ಮನುಷ್ಯರಿಗೆ ಈ ಚಿಕಿತ್ಸೆ ಮಾಡುತ್ತಿದ್ದ ಚಾರ್ಲ್ಸ್ ಸ್ಟ್ರಾಂಗ್, 20ನೆಯ ಶತಮಾನದ ನಡುಭಾಗದಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ನರ ಪೋಲೋ ಕುದುರೆಗಳಿಗೂ ಅದನ್ನು ಅನ್ವಯಿಸಿದರು. ಇಂದು ಅದು ನಾಯಿ ಬೆಕ್ಕುಗಳಿಗೂ ಬಂದಿದೆ. ನೀರಿನ ತೊಟ್ಟಿಗಳೂ, ಹಿಂಗಾಲು ಬಿದ್ದ ನಾಯಿಗೆ ಗಾಲಿಯ ಬಂಡಿಗಳೂ ಬಂದಿವೆ. ಆದರೆ ಇದು ಒಂದು ದಿನದ ಮದ್ದಲ್ಲ, ತಿಂಗಳುಗಟ್ಟಲೆಯ ವೆಚ್ಚ. ಡಿಕಿನ್ ಕಂಡ ಬಡವನ ಕಷ್ಟವೇ ಇಲ್ಲಿ ಮತ್ತೆ ಎದುರಾಗುತ್ತದೆ.

ನಮ್ಮ ಬೆಂಗಳೂರಿಗೂ ಈ ಕಥೆಯ ಎಳೆಯೊಂದು ಬಂದು ಮುಟ್ಟಿದೆ. ಜಯಪುರದಲ್ಲಿ 1980ರಲ್ಲಿ ಪ್ರಾಣಿಗಳ ಆಶ್ರಯಧಾಮ ಕಟ್ಟಿದ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕೂಪಾ’ ಸಂಸ್ಥೆಗೆ ಅಡಿಗಲ್ಲಿಟ್ಟರು. 1996ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ಉಳಿದಿದೆ.

ಪಾತ್ರವರಿತು ದಾನ ಮಾಡಬೇಕೆಂಬುದು ಹಿರಿಯರ ಮಾತು. ಗಾಯಗೊಂಡ ಪ್ರಾಣಿಗೆ ಮೇವು ಹಾಕುವುದು ಸುಲಭ. ಅದು ನಡೆಯುವವರೆಗೆ ಕಾಯುವುದು ಕಷ್ಟ. ಆ ಕಾಯುವಿಕೆಯ ವೆಚ್ಚವನ್ನು ಯಾರಾದರೂ ವಹಿಸಿಕೊಂಡರೆ ಕೂಲಿಯವನು ತನ್ನ ನಾಯಿಯನ್ನು ಬೀದಿಗೆ ಬಿಡಬೇಕಾಗುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಅದರ ಕಾಲನ್ನು ತಾನೇ ನೀವುತ್ತ ಕೂರುತ್ತಾನೆ.