ಕಾಚು, ಬಟ್ಟೆ, ತುಪ್ಪ: ಮೈಸೂರು ಯುದ್ಧಕಾಲದ ಒಂದು ವ್ರಣೋಪಚಾರ

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ನಾಟಕ ಕಲ್ಯಾಣಕಾರಕ’, ವಿಷಚಿಕಿತ್ಸೆಯನ್ನು ಕುರಿತ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ವಿದ್ವಾಂಸರಿಗೆ ಪರಿಚಿತವೇ. ಆದರೆ ಶಸ್ತ್ರದಿಂದ ಕೊಯ್ದ ಗಾಯವು ಕೆಡದೆ ಕೂಡಿಕೊಳ್ಳಲು ದಿನದಿನವೂ ಏನು ಮಾಡುತ್ತಿದ್ದರೆಂಬುದನ್ನು ತಿಳಿಸುವ, ಕರ್ನಾಟಕದ ಇತಿಹಾಸಕ್ಕೂ ಸೇರಿದ ದಾಖಲೆಯೊಂದು ಇಂಗ್ಲಿಷಿನಲ್ಲಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪ್ರಕಟಿಸಿದ, ‘ಬಿ.ಎಲ್.’ ಎಂಬ ಅಂಕಿತದ ಪತ್ರವೇ ಅದು. ಈ ವೃತ್ತಾಂತ ಮೊದಲು ಮದರಾಸಿನ ಪತ್ರಿಕೆಯಲ್ಲಿ ಬಂದಿತ್ತೆಂಬ ಮಾತು ವೈದ್ಯಚರಿತ್ರೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಎಲ್ಲರೂ ಉದ್ಧರಿಸುವ ಪಾಠ ಮಾತ್ರ ಲಂಡನ್ನಿನದು.

ಕಾವಸ್‌ಜಿ ಎಂಬ ಮರಾಠಾ ಒಕ್ಕಲಿಗನು 1792ರ ಯುದ್ಧದಲ್ಲಿ ಆಂಗ್ಲ ಸೇನೆಯ ಎತ್ತು ಹೊಡೆಯುವ ಆಳಾಗಿದ್ದು ಟಿಪ್ಪುವಿನ ಸೆರೆಗೆ ಸಿಕ್ಕನೆಂದೂ ಅಲ್ಲಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ ಪತ್ರ ಹೇಳುತ್ತದೆ. (ಇದು ಗೆದ್ದವರ ಪಕ್ಷದ ಬರಹವೆಂಬುದನ್ನು ಮರೆಯಬಾರದು. ಮೂಗು ಕೊಯ್ಯುವ ಕ್ರೌರ್ಯವೂ ಆ ಕಾಲಕ್ಕೆ ಹೊಸದಲ್ಲ. 17ನೆಯ ಶತಮಾನದ ಮೈಸೂರು–ಮಧುರೆ ಕಾಳಗಕ್ಕೆ ತಮಿಳರು ಇಟ್ಟ ಹೆಸರೇ ‘ಮೂಕ್ಕರುಪ್ಪು ಪೋರ್’.) ವರ್ಷಕ್ಕೂ ಮಿಗಿಲಾಗಿ ಹಾಗೆಯೇ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗನ್ನು ಕೂಡಿಸಿದನು.

ಹಣೆಯ ಚರ್ಮವನ್ನು ಮೇಣದ ಅಚ್ಚಿನ ಅಳತೆಗೆ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಉಳಿಸಿಕೊಂಡು, ತಿರುಚಿ ಕೆಳಗಿಳಿಸಿದ ಕೌಶಲವನ್ನೇ ಎಲ್ಲರೂ ಹೊಗಳಿದ್ದಾರೆ. ನನಗೆ ಅದಕ್ಕಿಂತ ಮಹತ್ತ್ವದ್ದೆಂದು ತೋರುವುದು ಅನಂತರದ ಉಪಚಾರ. ಪತ್ರದಲ್ಲಿ ಹೊಲಿಗೆಯ ಪ್ರಸ್ತಾಪವಿಲ್ಲ. ನಾವು ವೀಳ್ಯದೊಡನೆ ಮೆಲ್ಲುವ ಕಾಚನ್ನು ನೀರಿನಲ್ಲಿ ನಾದಿ, ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರನ್ನು ಒಂದರ ಮೇಲೊಂದು ಅಂಟಿಸಿದರು. ಕಾಚಿನ ಒಗರು ಗಾಯದ ಅಂಚನ್ನು ಬಿಗಿಸುತ್ತದೆ. ಒಣಗಿದ ಪಟ್ಟಿ ಅಲುಗದಂತೆ ಹಿಡಿಯುತ್ತದೆ. ನಾಲ್ಕು ದಿನ ಬೇರೆ ಕಟ್ಟಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹೀಗಾಗಿ ಎಳೆಯ ಚರ್ಮಕ್ಕೆ ಬಟ್ಟೆ ಕಚ್ಚಿಕೊಳ್ಳದು. ಐದಾರು ದಿನ ಅಂಗಾತ ಮಲಗಿಸಿ, ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆ ತುರುಕಿದರು. ಹುಬ್ಬಿನ ಎಳೆಯನ್ನು ಕತ್ತರಿಸಿದ್ದು ಸುಮಾರು 25ನೆಯ ದಿನ. ಹೊಸ ನೆಲೆಯಿಂದ ರಕ್ತ ಹರಿಯುವ ಮುನ್ನ ಕತ್ತರಿಸಿದ್ದರೆ ಚರ್ಮ ಕಪ್ಪಾಗಿ ಕೊಳೆಯುತ್ತಿತ್ತು. ಇಂದಿನ ಶಸ್ತ್ರವೈದ್ಯರೂ ಸುಮಾರು ಮೂರು ವಾರ ಕಾಯುತ್ತಾರೆ. ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪ್ರಯೋಗಗಳನ್ನು ಪ್ರಕಟಿಸಿದ್ದು 1867ರಲ್ಲಿ ಎಂಬುದನ್ನು ನೆನೆದರೆ ಈ ಎಚ್ಚರದ ಬೆಲೆ ತಿಳಿಯುತ್ತದೆ.

ಇದನ್ನು ನೇರವಾಗಿ ಸುಶ್ರುತನಿಗೆ ಆರೋಪಿಸುವ ರೂಢಿಯನ್ನು ಒಪ್ಪಲಾರೆ. ಸುಶ್ರುತ ಸಂಹಿತೆಯ ನಾಸಾಸಂಧಾನದಲ್ಲಿ ಬಳಸುವುದು ಕೆನ್ನೆಯ ಚರ್ಮ, ಅಳತೆಗೆ ಎಲೆ. ಉಪಚಾರಕ್ಕೆ ಪತಂಗ, ಯಷ್ಟಿಮಧು ಮೊದಲಾದವುಗಳ ಚೂರ್ಣ, ಬಿಳಿಯ ಅರಳೆ, ಎಳ್ಳೆಣ್ಣೆ. ದ್ರವ್ಯಗಳು ಬೇರೆಯಾದರೂ ಮೊದಲು ಒಗರು, ಆಮೇಲೆ ಜಿಡ್ಡು ಎಂಬ ಕ್ರಮ ಎರಡರಲ್ಲೂ ಒಂದೇ. ಗ್ರಂಥದಿಂದ ದೂರ ಸರಿದ ವಿದ್ಯೆಯನ್ನು ಕಸುಬಿನ ಕುಲವೊಂದು ತನ್ನದೇ ದಾರಿಯಲ್ಲಿ ಬೆಳೆಸಿತೆಂದು ಊಹಿಸುವುದೇ ಉಚಿತ.

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಈ ಹಣೆಯ ವಿಧಾನವನ್ನು ಅನುಸರಿಸಿ, 1816ರಲ್ಲಿ ಗ್ರಂಥ ಪ್ರಕಟಿಸಿದನು. ಅವನು ಮಾತ್ರ ನಾಲ್ಕು ದಿನ ಕಾಯದೆ, ಮೂರನೆಯ ದಿನವೇ ಕಟ್ಟು ಬಿಚ್ಚಿದನು.